ತಂಗಿಯ ಪಾಲಿನ ತೆನೆ

ಲಿಲ್ಲಿ ಬಾಯಿ, ಆ ತೆನೆಯನ್ನು ನಾನು ನಿಮ್ಮ ತಂಗಿಗೆ ಕೊಡಲಿಲ್ಲ. ತಿಂದುಬಿಟ್ಟೆ.

ಇಷ್ಟು ಬರೆಯಲು ಆರು ವರ್ಷ ಬೇಕಾಯಿತು. ನೀವೇನು ದೂರದವರಲ್ಲ — ಬಹರೈನಿನ ಗುದೈಬಿಯಾದ ಈ ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ ನಿಮ್ಮ ಬಾಗಿಲಿಗೂ ನನ್ನ ಬಾಗಿಲಿಗೂ ನಡುವೆ ನಾಲ್ಕು ಹೆಜ್ಜೆ. ನೀವು ಬಂಗುಡೆ ಹುರಿದರೆ ನನ್ನ ಕೋಣೆಗೆ ವಾಸನೆ ಬರುತ್ತದೆ. ನಾನು ಎರಡು ಸಲ ಕೆಮ್ಮಿದರೆ ನೀವು ಕಷಾಯ ಹಿಡಿದುಕೊಂಡು ಬರುತ್ತೀರಿ. ಆ ನಾಲ್ಕು ಹೆಜ್ಜೆ ದಾಟಿ ಬಂದು ಒಂದು ಮಾತು ಹೇಳಲಿಕ್ಕೆ ಧೈರ್ಯವಿಲ್ಲದೆ ಈಗ ಕಾಗದ, ಪೆನ್ನು ಹಿಡಿದು ಕೂತಿದ್ದೇನೆ. ಐವತ್ತೆಂಟು ವರ್ಷದ ಗಂಡಸು, ಬೇಸಗೆಯ ನಡು ಮಧ್ಯಾಹ್ನ ಬುದಯ್ಯದ ವಿಲ್ಲಾಗಳ ತಾರಸಿ ಹತ್ತಿ ಎಸಿ ಬಿಚ್ಚುವವನು — ನಿಮ್ಮ ಎದುರು ನಿಲ್ಲಲಿಕ್ಕೆ ಮಾತ್ರ ಆಗುವುದಿಲ್ಲ. ನಾಚಿಕೆಯಾಗಬೇಕು ನನಗೆ.

ಓದುತ್ತಾ ನಿಮಗೆ ಸಿಟ್ಟು ಬರುತ್ತದೆ. ಬರಲಿ. ನನಗೂ ಬಂದಿದೆ — ನನ್ನ ಮೇಲೆ, ನಿಮ್ಮ ತಂಗಿ ಇರುವ ಆ ದರಿದ್ರ ದ್ವೀಪದ ಮೇಲೆ, ಅಲ್ಲಿನ ಗಾಳಿಯ ಮೇಲೆ. ಸುಳ್ಳೇಕೆ, ನಿಮ್ಮ ಮೇಲೂ ನಿಮ್ಮ ತಂಗಿಯ ಮೇಲೂ. ಒಬ್ಬರಾದರೂ ಒಂದು ಸಲ ಫೋನ್ ಎತ್ತಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ. ಆದರೆ ಹಾಗೆ ಹೇಳಿ ನಾನು ನುಣುಚಿಕೊಳ್ಳುವ ಹಾಗಿಲ್ಲ.

ತೆನೆ ಎಂದರೆ ಏನೆಂದು ಗೊತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ. ನೀವು ಸೆಪ್ಟೆಂಬರಿನಲ್ಲಿ ಮೋಂತಿ ಫೆಸ್ತ್ ಎಂದು ಮಾಡುವ ಹೊಸ ತೆನೆಯ ಹಬ್ಬವನ್ನು ನಮ್ಮ ಮನೆಯಲ್ಲಿ ಪುದ್ವಾರ್ ಎಂದು ಮಾಡುತ್ತೇವೆ. ನಿಮ್ಮದು ಇಗರ್ಜಿಯಲ್ಲಿ ಮಂತ್ರಿಸಿಕೊಂಡು ಬರುತ್ತದೆ, ನಮ್ಮದು ಗದ್ದೆಯಿಂದ ನೇರ ದೇವರ ಕೋಣೆಗೆ ಹೋಗುತ್ತದೆ. ಉಳಿದದ್ದೆಲ್ಲ ಒಂದೇ. ಹೊಸ ಭತ್ತದ ಕಾಳನ್ನು ಮನೆಯ ಹಿರಿಯರು ಪ್ರತಿಯೊಬ್ಬರಿಗೂ ಹಂಚಬೇಕು. ಪರದೇಶದಲ್ಲಿದ್ದವರಿಗೆ ಲಕೋಟೆಯಲ್ಲಿಟ್ಟು ಕಳಿಸಬೇಕು. ಪಾಲು ಬಂತೆಂದರೆ ನೀನು ಈ ಮನೆಯವನು ಎಂದರ್ಥ. ಬಾರದಿದ್ದರೆ — ಬಾರದಿದ್ದರೆ ಏನೆಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು.

ನಿಮ್ಮ ಅಮ್ಮ ಹೋದಾಗ ನೀವು ಸಿಕ್ಕಿದ ವಿಮಾನ ಹಿಡಿದು ಊರಿಗೆ ಓಡಿದಿರಂತೆ. ನಿಮ್ಮ ತಂಗಿ ಜಾನೆಟ್ ಬರಲಿಲ್ಲ. ಐರ್ಲೆಂಡಿಗೆ ಹೋಗಿ ಆಗಷ್ಟೇ ಸ್ವಲ್ಪ ಸಮಯವಾಗಿತ್ತು, ನರ್ಸ್ ನೋಂದಣಿಯ ಪರೀಕ್ಷೆ ಅದೇ ವಾರ ಇತ್ತು. ಆ ಸಿಟ್ಟಿಗೆ ನೀವು ಫೋನಿನಲ್ಲಿ ಅವಳಿಗೆ ಹೇಳಿದ ಮಾತನ್ನು ನೀವೇ ನನಗೆ ಹೇಳಿದ್ದೀರಿ: "ಅಮ್ಮನ ಮಣ್ಣಿಗೆ ಬಾರದವಳಿಗೆ ಈ ಮನೆಯ ತೆನೆ ಇಲ್ಲ." ಅದರ ನಂತರ ಮೂರು ಮೋಂತಿ ಫೆಸ್ತ್ ಕಳೆಯಿತು. ಹಿರಿಯಳಾದ ನೀವು ಕಳಿಸಲಿಲ್ಲ. ಅವಳು ಕೇಳಲಿಲ್ಲ.

ಆಮೇಲೆ ನನ್ನ ಗ್ರಹಚಾರ. ದೊಡ್ಡ ಎಸಿಗಳ ಹೊಸ ಚಿಲ್ಲರ್ ಯಂತ್ರಗಳ ತರಬೇತಿಗೆಂದು ಕಂಪೆನಿ ನನ್ನನ್ನು ಹತ್ತು ದಿನ ಐರ್ಲೆಂಡಿಗೆ ಕಳಿಸಿತು. ಸುದ್ದಿ ತಿಳಿದದ್ದೇ ತಡ, ನೀವು ಬಾಗಿಲಲ್ಲಿ ಬಂದು ನಿಂತಿರಿ. ಇಲ್ಲಿ ಯಾರು ಎಲ್ಲಿಗೆ ಹೊರಟರೂ ಪೊಟ್ಟಣ ಹೊರಿಸುವುದು ನಮ್ಮವರ ಹಳೆಯ ರೋಗ. ಉಪ್ಪಿನಕಾಯಿ ಇರಬಹುದು, ಒಣಮೀನು ಇರಬಹುದು ಎಂದು ನಾನು ಹೆದರಿಕೊಂಡೇ ಬಾಗಿಲು ತೆಗೆದೆ. ನೀವು ಕೊಟ್ಟದ್ದು ಅಂಗೈ ಅಗಲದ ಲಕೋಟೆ. ಒಳಗೆ ಒಂದು ಪುಟ್ಟ ತೆನೆ. ಮೇಲೆ ನಿಮ್ಮ ಗುಂಡು ಅಕ್ಷರದಲ್ಲಿ 'ಜಾನೆಟ್‌ಗೆ, ಮನೆಯಿಂದ'.

"ಸದಾನಂದಣ್ಣ, ಇದನ್ನು ಅವಳ ಕೈಗೇ ಕೊಡಿ, ಆಯ್ತಾ? ಪೋಸ್ಟಿಗೆಲ್ಲ ಹಾಕ್ಬೇಡಿ. ಫೋನೂ ಮಾಡ್ಬೇಡಿ. ನಾನು ಕಳಿಸಿದ್ದು ಅಂತ ಮೊದ್ಲೇ ಗೊತ್ತಾದ್ರೆ ಬೇಡ ಅಂತಾಳೆ. ಎದುರು ನಿಂತವರಿಗೆ ಬೇಡ ಅನ್ಲಿಕ್ಕೆ ಅವಳಿಗೆ ಬರುದಿಲ್ಲ."

"ಅಷ್ಟು ದೂರ ಹೋಗುವಾಗ ಒಂದು ಫೋನ್ ಮಾಡದೆ ಹೇಗೆ ಬಾಯಿ?"

"ಇಲ್ಲ ಅಂತ ಹೇಳಿದ್ದು ನಾನು. ಹಾಗಾಗಿ ನಾನೇ ಕೊಡ್ಬೇಕು. ನಿಮ್ಮ ಕೈ ಅಂದ್ರೆ ಈಗ ನನ್ನ ಕೈಯೇ."

ಆ ಮಾತು ಕೇಳಿಯೂ ತೆಗೆದುಕೊಂಡೆನಲ್ಲ, ಅಲ್ಲಿಯೇ ನನ್ನ ತಪ್ಪು ಶುರು. ಆಗದು ಎನ್ನಬಹುದಿತ್ತು. ಆದರೆ ನಿಮ್ಮ ಕಷಾಯ ಕುಡಿದ ಗಂಟಲಿನಿಂದ ಆ ಮಾತು ಹೊರಡಲಿಲ್ಲ.

ತರಬೇತಿಯ ನಡುವೆ ಸಿಕ್ಕಿದ್ದು ಒಂದೇ ಭಾನುವಾರ. ಎಲ್ಲರೂ ಹೋಟೆಲಿನಲ್ಲಿ ಹೊದ್ದು ಮಲಗಿದ್ದರು. ನಾನು ಮಾತ್ರ ಬೆಳಿಗ್ಗೆ ಎದ್ದು, ಎರಡು ಗಂಟೆ ಬಸ್ಸಿನಲ್ಲಿ ಕೂತು, ಆಮೇಲೆ ಅವಳ ದ್ವೀಪಕ್ಕೆ ಹೋಗುವ ದೋಣಿ ಹತ್ತಿದೆ. ದೋಣಿ ಎಂದರೆ ಇಂಜಿನ್ ಇರುವ ದೊಡ್ಡ ದೋಣಿಯೇ, ಆದರೆ ಆ ಸಮುದ್ರಕ್ಕೆ ಅದು ಸಾಲದು. ನಾನು ಕರಾವಳಿಯಲ್ಲಿ ಹುಟ್ಟಿದವನು, ಸಮುದ್ರ ಕಂಡರೆ ಹೆದರುವವನಲ್ಲ ಎಂದು ಜಂಬದಿಂದ ಮುಂದೆಯೇ ಕೂತೆ. ಕಾಲು ಗಂಟೆಯಲ್ಲಿ ಬೆಳಗಿನ ತಿಂಡಿ ಅಟ್ಲಾಂಟಿಕ್ಕಿಗೆ ಅರ್ಪಣೆಯಾಯಿತು. ದೋಣಿಯ ಮುದುಕ ನನ್ನ ಬೆನ್ನು ತಟ್ಟಿ, ಗಾಳಿ ಏಳುವುದರಲ್ಲಿದೆ, ನಾಲ್ಕಕ್ಕೆ ಹೊರಡಬೇಕಾದ ಕೊನೆಯ ದೋಣಿ ಇವತ್ತು ಮೂರಕ್ಕೇ ಹೊರಡುತ್ತದೆ, ತಪ್ಪಿದರೆ ನಾಳೆಯೂ ಹೇಳಲಾಗದು ಎಂದ. ಸೋಮವಾರ ಬೆಳಿಗ್ಗೆ ನನ್ನ ತರಬೇತಿ ಪರೀಕ್ಷೆ. ನನ್ನ ತಲೆ ಅಲ್ಲಿಂದಲೇ ಬಿಸಿಯಾಗತೊಡಗಿತು.

ಆ ದ್ವೀಪವನ್ನು ನಿಮಗೆ ಹೇಗೆ ಹೇಳಲಿ? ಕಲ್ಲು. ಕಲ್ಲಿನ ಮೇಲೆ ಕಲ್ಲು, ಅದರ ನಡುವೆ ಕಲ್ಲಿನ ಗೋಡೆ. ಸಣ್ಣ ಸಣ್ಣ ಹೊಲಗಳನ್ನು ಸುತ್ತುವರಿದು ಗಾರೆಯಿಲ್ಲದೆ ಪೇರಿಸಿದ ಗೋಡೆಗಳು, ಒಳಗೆ ಬೆಳೆಯಿಲ್ಲ, ಹುಲ್ಲು, ಎರಡು ಕುರಿ. ಮರವೆಂಬುದು ಒಂದೂ ಇಲ್ಲ. ಗಾಳಿಯಂತೂ, ನಮ್ಮ ದೊಡ್ಡ ಚಿಲ್ಲರಿನ ಫ್ಯಾನಿನ ಎದುರು ನಿಂತ ಹಾಗೆ, ಆದರೆ ತಣ್ಣಗೆ ಮತ್ತು ಸ್ವಿಚ್ ಇಲ್ಲದೆ. ಬಹರೈನಿನ ಸೆಕೆಯಿಂದ ಹೋದ ನನ್ನ ಮೈಗೆ ಅದು ಚಳಿಯೆನಿಸಲಿಲ್ಲ, ಪೆಟ್ಟು ಎನಿಸಿತು. ಬಾಯಿ, ನಿಮ್ಮ ತಂಗಿಗೆ ನರ್ಸ್ ಕೆಲಸ ಮಾಡಲು ಜಗತ್ತಿನಲ್ಲಿ ಬೇರೆ ಊರೇ ಸಿಗಲಿಲ್ಲವೇ ಎಂದು ಗಟ್ಟಿಯಾಗಿಯೇ ಹೇಳಿಕೊಂಡೆ. ಕೇಳಿಸಿಕೊಂಡದ್ದು ಒಂದು ಕತ್ತೆ.

ಅವಳ ಮನೆ ಸುಲಭವಾಗಿ ಸಿಕ್ಕಿತು. ಇಡೀ ದ್ವೀಪಕ್ಕೆ ಒಬ್ಬಳೇ ನರ್ಸ್, ನೀಲಿ ಬಾಗಿಲಿನ ಮನೆ. ಬಾಗಿಲಿಗೆ ಬೀಗ. ಪಕ್ಕದ ಮನೆಯ ಅಜ್ಜಿ ಹೊರಗೆ ಬಂದು, ನರ್ಸ್ ಪಶ್ಚಿಮದ ತುದಿಯಲ್ಲಿ ಒಬ್ಬ ರೋಗಿಯ ಕಾಲಿಗೆ ಬ್ಯಾಂಡೇಜು ಕಟ್ಟಲು ಹೋಗಿದ್ದಾಳೆ, ಎರಡೂವರೆಗೆ ಬರಬಹುದು ಎಂದಳು. ಗಂಟೆ ಆಗ ಹನ್ನೆರಡು. ಅಷ್ಟರವರೆಗೆ ದ್ವೀಪ ಸುತ್ತಿ ನೋಡು, ಮೇಲೆ ಹಳೆಯ ಇಗರ್ಜಿ ಇದೆ, ಆಚೆ ಕಡಿದಾದ ಬಂಡೆಯಿದೆ, ನೋಡದೆ ಹೋದರೆ ಪಾಪ ಬರುತ್ತದೆ ಎಂದು ನನ್ನನ್ನು ಅಟ್ಟಿಯೇಬಿಟ್ಟಳು.

ನೋಡಿದೆ. ಇಗರ್ಜಿಗೆ ಸೂರಿಲ್ಲ, ಒಳಗೆ ಮಂಡಿಯುದ್ದ ಹುಲ್ಲು. ಬಂಡೆಯ ಅಂಚಿಗೆ ಹೋಗಲಿಕ್ಕೆ ದಾರಿಯಿಲ್ಲ, ಸೀಳು ಬಿಟ್ಟ ಕಲ್ಲುಹಾಸಿನ ಮೇಲೆ ಹಾರಿ ಹಾರಿ ಹೋಗಬೇಕು. ಹೋದೆ, ಒಪ್ಪುತ್ತೇನೆ, ಕೆಳಗೆ ಆ ಸಮುದ್ರ ಬಂದು ಬಡಿಯುವುದನ್ನು ನೋಡಿ ಒಂದು ನಿಮಿಷ ನನ್ನ ಸಿಟ್ಟೂ ಮರೆತು ನಿಂತೆ. ಅಷ್ಟರಲ್ಲಿ ಅಡ್ಡಮಳೆ. ಓಡಲು ಹೋಗಿ ಕಾಲು ಸೀಳಿನಲ್ಲಿ ಸಿಕ್ಕಿ ಮುಗ್ಗರಿಸಿದೆ. ಅಂಗೈ ತರಚಿತು, ಪ್ಯಾಂಟಿಗೆ ಕೆಸರಾಯಿತು, ಬೂಟಿನೊಳಗೆ ನೀರು ಪಚಪಚ ಎನ್ನತೊಡಗಿತು. ಮಳೆ ನಿಲ್ಲುವಾಗ ಮತ್ತೆ ನೀಲಿ ಬಾಗಿಲಿನ ಎದುರಿನ ಕಲ್ಲುಗೋಡೆಯ ಮೇಲೆ ಕೂತಿದ್ದೆ. ಅಜ್ಜಿಯ ಮನೆಯ ಬಾಗಿಲೂ ಈಗ ಮುಚ್ಚಿತ್ತು. ಊರಿನ ಒಂದೇ ಒಂದು ಚಹಾದಂಗಡಿ ಭಾನುವಾರ ತೆರೆಯುವುದಿಲ್ಲವಂತೆ.

ಇನ್ನು ಬರೆಯುವುದು ಕಷ್ಟ.

ಕೋಟಿನ ಜೇಬಿಗೆ ಕೈ ಹಾಕಿದ್ದೆ, ಚಳಿಗೆ. ಲಕೋಟೆ ನೆನೆದು ಬಾಯಿ ಬಿಟ್ಟಿತ್ತು, ತೆನೆಯ ಕಾಳು ಕಳಚಿ ಜೇಬಿನೊಳಗೆ ಚೆಲ್ಲಿದ್ದವು. ಬೆರಳಿಗೆ ಒಂದು ಸಿಕ್ಕಿತು. ಚಿಕ್ಕಂದಿನಲ್ಲಿ ಗದ್ದೆಯ ಬದುವಿನಲ್ಲಿ ಕೂತು ಮಾಡುತ್ತಿದ್ದೆವಲ್ಲ, ಭತ್ತದ ಕಾಳನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ, ಹೊಟ್ಟು ಉಗಿದು, ಅಕ್ಕಿಯನ್ನು ಅಗಿಯುವುದು — ನೀವೂ ಮಾಡಿರುತ್ತೀರಿ. ಹೊಟ್ಟೆ ಖಾಲಿ, ಮನಸ್ಸು ಪೂರ್ತಿ ಬೈಗುಳದಲ್ಲಿ ಮುಳುಗಿತ್ತು. ನಿಮ್ಮನ್ನು ಬೈಯುತ್ತಿದ್ದೆ, ಅವಳನ್ನು ಬೈಯುತ್ತಿದ್ದೆ. ಅಕ್ಕತಂಗಿಯರ ಜಗಳಕ್ಕೆ ಅಂಚೆಯವನಾದ ನನ್ನ ಬುದ್ಧಿಯನ್ನು ಬೈಯುತ್ತಿದ್ದೆ. ಕೈ ತನ್ನಷ್ಟಕ್ಕೆ ಜೇಬಿಗೆ ಹೋಗುತ್ತಿತ್ತು, ಹಲ್ಲು ತನ್ನಷ್ಟಕ್ಕೆ ಕಚ್ಚುತ್ತಿತ್ತು. ಎಷ್ಟು ಹೊತ್ತು — ಗೊತ್ತಿಲ್ಲ. ಬೆರಳಿಗೆ ಏನೂ ಸಿಗದಾದಾಗ ಎಚ್ಚರವಾಯಿತು. ಜೇಬಿನಲ್ಲಿ ಉಳಿದದ್ದು ಒದ್ದೆ ಲಕೋಟೆ ಮತ್ತು ಬರೀ ಕಡ್ಡಿ.

ಅದೇ ಹೊತ್ತಿಗೆ ಅವಳ ಕಾರು ಬಂದು ನಿಂತಿತು.

ನಿಮ್ಮ ಮನೆಯ ಶೋಕೇಸಿನ ಫೋಟೋದಲ್ಲಿ ನೋಡಿದ ಮುಖವೇ, ಸ್ವಲ್ಪ ಬಡಕಲಾಗಿತ್ತು. ನಾನು ಈ ಕಟ್ಟಡಕ್ಕೆ ಬರುವ ಮೊದಲೇ ಅವಳು ಬಹರೈನ್ ಬಿಟ್ಟವಳು, ಹಾಗಾಗಿ ನನ್ನ ಗುರುತು ಅವಳಿಗಿಲ್ಲ. ಗೋಡೆಯ ಮೇಲೆ ಕೆಸರು ಮೆತ್ತಿಕೊಂಡು ಕೂತ ನನ್ನನ್ನು ನೋಡಿ ಗಾಬರಿಯಾಗಿ ಹತ್ತಿರ ಬಂದಳು. ಬಿದ್ದಿರಾ ಎಂದು ಇಂಗ್ಲಿಷಿನಲ್ಲಿ ಕೇಳಿ, ಉತ್ತರಕ್ಕೂ ಕಾಯದೆ ನನ್ನ ಅಂಗೈ ಹಿಡಿದು, ಚೀಲದಿಂದ ಹತ್ತಿ ತೆಗೆದು ಒರೆಸತೊಡಗಿದಳು. ಇಂಡಿಯಾದಲ್ಲಿ ಎಲ್ಲಿ ಎಂದು ಕೇಳಿದಳು.

"ಬಾಂಬೆ" ಎಂದೆ.

ಏಕೆ ಹಾಗೆಂದೆ? ಆರು ವರ್ಷದಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ. ಒಂದೇ ಮಾತು ಸಾಕಿತ್ತು. ನಿಮ್ಮ ಅಕ್ಕ ತೆನೆ ಕಳಿಸಿದ್ದಾರೆ, ನಾನೊಬ್ಬ ಕತ್ತೆ, ಹಸಿವಿಗೆ ತಿಂದುಬಿಟ್ಟೆ — ಅವಳು ನಗುತ್ತಿದ್ದಳು, ಅಳುತ್ತಿದ್ದಳು, ಏನೋ ಒಂದು ಆಗುತ್ತಿತ್ತು. ಕಾಳೇ ಬೇಕೆಂದಿರಲಿಲ್ಲ. ನಿಮ್ಮ ಅಕ್ಷರವಿದ್ದ ಆ ಲಕೋಟೆಯನ್ನು ಕೈಯಲ್ಲಿಟ್ಟಿದ್ದರೂ ಸಾಕಿತ್ತು. ಅದು ನನಗೆ ಆಗ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಆದರೆ ಇನ್ನೊಬ್ಬರ ಮನೆಯ ತೆನೆ ತಿಂದು, ತುಟಿಯಲ್ಲಿ ಹೊಟ್ಟು ಅಂಟಿಸಿಕೊಂಡು, ಆ ಮನೆಯವಳ ಎದುರೇ ಕೂತಿದ್ದೇನೆಂಬ ನಾಚಿಕೆಗೆ ಆ ಸುಳ್ಳೇ ಬಾಯಿಗೆ ಬಂತು.

ಅವಳು ಗಾಯಕ್ಕೆ ಪಟ್ಟಿ ಅಂಟಿಸಿದಳು. ಒಳಗೆ ಬನ್ನಿ, ಚಹಾ ಕುಡಿದು ಹೋಗಿ ಎಂದಳು. ಆಮೇಲೆ ನನ್ನ ಕೋಟಿನ ಎದೆಯ ಮೇಲಿದ್ದ ಏನನ್ನೋ ಎರಡು ಬೆರಳಲ್ಲಿ ತೆಗೆದಳು. ಎಸೆಯಲಿಲ್ಲ. ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಭತ್ತದ ಹೊಟ್ಟು. ನೀವು ಅಷ್ಟು ಜತನದಿಂದ ಕಳಿಸಿದ್ದರಲ್ಲಿ ಅವಳ ಕೈಗೆ ಮುಟ್ಟಿದ್ದು ಅದೊಂದೇ, ಬಾಯಿ.

ಕೆಳಗೆ ದೋಣಿ ನಿಲ್ಲುವ ಧಕ್ಕೆಯಲ್ಲಿ ಹಾರ್ನ್ ಕೂಗಿತು. ದೋಣಿಗೆ ಹೊತ್ತಾಯಿತು ಎಂದು ಇಂಗ್ಲಿಷಿನಲ್ಲಿ ಗೊಣಗಿ ನಾನು ಇಳಿಜಾರಿನಲ್ಲಿ ಓಡಿದೆ. ಹಿಂದಿನಿಂದ ಅವಳ ಕೂಗು ಕೇಳಿತು. ಇಂಗ್ಲಿಷಿನಲ್ಲಲ್ಲ.

"ಓಯ್, ನಿಲ್ಲಿ ಮಾರಾಯ್ರೇ! ನೀವು ಎಲ್ಲಿಯವ್ರು?"

ನಾನು ತಿರುಗಿ ನೋಡಲಿಲ್ಲ. ಕೇಳಿಸದವನ ಹಾಗೆ ಓಡಿ ದೋಣಿ ಹತ್ತಿದೆ.

ಬಹರೈನಿಗೆ ಮರಳಿದ ದಿನ ನಾನು ಪೆಟ್ಟಿಗೆ ಕೆಳಗಿಡುವ ಮೊದಲೇ ನೀವು ಬಾಗಿಲು ತೆರೆದಿರಿ. ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು ಕಾದಿದ್ದಿರಿ.

"ಕೊಟ್ರಾ?"

"ಕೊಟ್ಟೆ ಬಾಯಿ."

"ಎಂತ ಹೇಳಿದ್ಳು?"

ವಿಮಾನದಲ್ಲಿ ಇದಕ್ಕೆ ಉತ್ತರ ಯೋಚಿಸಿಕೊಂಡೇ ಬಂದಿದ್ದೆ. ಅತ್ತಳು ಎನ್ನಲೇ, ಅಕ್ಕನನ್ನು ಕೇಳಿದ್ದೇನೆಂದು ಹೇಳಿ ಎಂದಳು ಎನ್ನಲೇ? ಏನು ಕಟ್ಟಿ ಹೇಳಿದರೂ ನಾಳೆ ನೀವು ಫೋನಿನಲ್ಲಿ ಮಾತಾಡಿದಾಗ ಸಿಕ್ಕಿಬೀಳುತ್ತೇನೆ. ಸಿಕ್ಕಿಬೀಳದ ಮಾತು ಬೇಕಿತ್ತು. ಹಾಗಾಗಿ, "ತಗೊಂಡ್ರು. ಏನೂ ಹೇಳ್ಲಿಲ್ಲ" ಎಂದೆ.

ನನ್ನ ಲೆಕ್ಕದಲ್ಲಿ ಅದು ಎಲ್ಲಕ್ಕಿಂತ ಸಣ್ಣ ಸುಳ್ಳಾಗಿತ್ತು. ಅದು ಎಷ್ಟು ದೊಡ್ಡದೆಂದು ನಿಮ್ಮ ಮುಖ ನೋಡಿದಾಗ ಗೊತ್ತಾಯಿತು. ಬೈದಳು ಎಂದಿದ್ದರೂ ನೀವು ತಡೆದುಕೊಳ್ಳುತ್ತಿದ್ದಿರಿ, ತಿರುಗಿ ಬೈಯಲಿಕ್ಕಾದರೂ ಫೋನ್ ಮಾಡುತ್ತಿದ್ದಿರಿ. ನೀವಾಗಿ ಸೋತು ಕಳಿಸಿದ ತೆನೆ ತೆಗೆದುಕೊಂಡು, ಅವಳು ಒಂದು ಮಾತೂ ಆಡಲಿಲ್ಲ ಎಂದರೆ — ನೀವು "ಹಾಗಾ" ಎಂದು ಮೆಲ್ಲಗೆ ಬಾಗಿಲು ಹಾಕಿಕೊಂಡಿರಿ.

ಕೊರೊನಾ ಬಂದಾಗ ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಮಾಸ್ಕ್ ಹಾಕಿಕೊಂಡು ದೂರ ದೂರ ಕೂತಿದ್ದೆವು, ನೆನಪಿದೆಯೇ? ನಿಮ್ಮ ಕೈಯಲ್ಲಿ ಫೋನ್ ಇತ್ತು. "ಅವಳು ನರ್ಸ್ ಅಲ್ವಾ ಸದಾನಂದಣ್ಣ, ಹೇಗುಂಟೋ ಏನೋ" ಎಂದಿರಿ. "ಖಲ್ಲಿವಲ್ಲಿ, ಹೋಗ್ಲಿ ಬಿಡಿ ಬಾಯಿ, ಹಳೇದೆಲ್ಲ ಮರೆತು ಒಂದು ಕಾಲ್ ಮಾಡಿ" ಎಂದು ದೊಡ್ಡವನ ಹಾಗೆ ಉಪದೇಶ ಮಾಡಿದೆ. ನೀವು ಹೇಳಿದಿರಿ: "ತೆನೆ ತಗೊಂಡು ಏನೂ ಹೇಳದವಳಿಗೆ ನಾನು ಎಂತ ಹೇಳುದು?" ಆಗಲೇ ಹೇಳಬಹುದಿತ್ತು. ಮೆಟ್ಟಿಲ ಮೇಲೆ ನಾವಿಬ್ಬರೇ ಇದ್ದೆವು. ನಾನು ಎದ್ದು, ಕೆಳಗಿನ ಕೋಲ್ಡ್ ಸ್ಟೋರ್ ಅಂಗಡಿಯಿಂದ ಹಾಲು ತರಬೇಕು ಎಂದು ಕೆಳಗಿಳಿದೆ.

ಎಲ್ಲಕ್ಕಿಂತ ದೊಡ್ಡ ಶಿಕ್ಷೆಯನ್ನು ನೀವು ಗೊತ್ತಿಲ್ಲದೆಯೇ ಕೊಟ್ಟಿರಿ. ಮರುವರ್ಷದ ಮೋಂತಿ ಫೆಸ್ತಿಗೆ ನನ್ನನ್ನು ಊಟಕ್ಕೆ ಕರೆದಿರಿ. ತೆನೆಯ ಕಾಳನ್ನು ಹಾಲಿನಲ್ಲಿ ಅರೆದು ಪುಟ್ಟ ಬಟ್ಟಲಿನಲ್ಲಿಟ್ಟು ನನ್ನ ಮುಂದೆ ಸರಿಸಿ, "ಜಾನೆಟಿನ ಪಾಲು. ಬಿಸಾಡ್ಲಿಕ್ಕೆ ಆಗುದಿಲ್ಲ. ಅವಳ ಕೈಗೆ ಕೊಟ್ಟು ಬಂದವ್ರು ನೀವು, ನೀವೇ ತಿನ್ನಿ" ಎಂದಿರಿ. ತಿಂದೆ. ಅದರ ಮರುವರ್ಷವೂ ತಿಂದೆ. ಐದು ವರ್ಷ ಅವಳ ಪಾಲು ತಿಂದಿದ್ದೇನೆ — ಅಲ್ಲ, ಆರು. ಕಲ್ಲುಗೋಡೆಯ ಮೇಲೆ ಕೂತು ತಿಂದದ್ದನ್ನು ಏಕೆ ಬಿಡಲಿ?

ಈ ವರ್ಷ, ಹೋದ ವಾರ, ಬಟ್ಟಲು ಸರಿಸುತ್ತಾ ನೀವು ಇನ್ನೊಂದು ಮಾತು ಹೇಳಿದಿರಿ. "ಬರುವ ವರ್ಷದಿಂದ ಅವಳ ಪಾಲು ಇಡುದಿಲ್ಲ ಸದಾನಂದಣ್ಣ. ಸಾಕಾಯ್ತು. ಬೇಡದವಳಿಗೆ ಎಷ್ಟು ವರ್ಷ ಅಂತ ಇಡುದು?" ಸಿಟ್ಟಿನಲ್ಲಿ ಹೇಳಿದ್ದರೆ ನಾನು ಸುಮ್ಮನಿರುತ್ತಿದ್ದೆ. ನೀವು ಸೊಪ್ಪಿನ ಪಾತ್ರೆಗೆ ಸೌಟು ಹಾಕುತ್ತಾ ತಣ್ಣಗೆ ಹೇಳಿದಿರಿ. ಹೊಟ್ಟೆ ಸರಿಯಿಲ್ಲ ಎಂದು ನಾನು ಆ ಬಟ್ಟಲನ್ನು ಮುಟ್ಟದೆ ಎದ್ದು ಬಂದೆ. ನೀವು ಆಮೇಲೆ ಶುಂಠಿ ಕಷಾಯ ಕಳಿಸಿದಿರಿ. ಅದನ್ನು ಚೆಲ್ಲಲೂ ಆಗದೆ ಕುಡಿಯಲೂ ಆಗದೆ ಕೂತಿದ್ದೆ.

ಈ ಪತ್ರದ ಜೊತೆ ಆ ಲಕೋಟೆಯನ್ನು ಇಟ್ಟಿದ್ದೇನೆ. ಆರು ವರ್ಷ ನನ್ನ ಪಾಸ್‌ಪೋರ್ಟಿನ ಕವರಿನೊಳಗೆ ಇತ್ತು. ನಿಮ್ಮ ಅಕ್ಷರ ನೀರಿಗೆ ಕದಡಿದೆ, 'ಮನೆಯಿಂದ' ಎಂಬುದು ಇನ್ನೂ ಓದಲು ಬರುತ್ತದೆ. ಒಳಗೆ ಕಡ್ಡಿಯಿದೆ, ಕಾಳಿಲ್ಲ. ಹಿಂಬದಿಯಲ್ಲಿ ಅವಳ ಮನೆಯ ವಿಳಾಸ ಬರೆದಿದ್ದೇನೆ. ಅವಳು ಈಗಲೂ ಅಲ್ಲೇ ಇದ್ದಾಳೆ. ಮೊನ್ನೆ ದ್ವೀಪದ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ವಿಚಾರಿಸಿದೆ. ಹದಿನೈದು ನಿಮಿಷದ ಕೆಲಸ, ಆರು ವರ್ಷ ಮಾಡಲಿಲ್ಲ. ಈ ವರ್ಷದ ತೆನೆಯಲ್ಲಿ ಒಣಗಿದ ಕಾಳು ನಿಮ್ಮಲ್ಲಿ ಉಳಿದಿರುತ್ತದೆ. ಅದನ್ನು ನನ್ನ ಕೈಗೆ ಕೊಡಬೇಡಿ. ನನ್ನ ಕೈ ನಿಮ್ಮ ಕೈಯಲ್ಲ.

ಇಲ್ಲಿನ ರಜೆಯ ದಿನವಾದ ಶುಕ್ರವಾರ ನೀವು ಪೂಜೆಗೆ ಇಗರ್ಜಿಗೆ ಹೊರಡುವ ಮೊದಲು ಇದನ್ನು ಬಾಗಿಲ ಅಡಿಯಿಂದ ತಳ್ಳುತ್ತೇನೆ. ಆಮೇಲೆ ನನ್ನ ಬಾಗಿಲು ತೆರೆದಿಟ್ಟು ಒಳಗೆ ಕೂತಿರುತ್ತೇನೆ. ಬೈಯಲು ಬಂದರೆ ಬನ್ನಿ. ಬಾರದಿದ್ದರೆ, ಇನ್ನು ಮುಂದೆ ಕಷಾಯ ಬಾರದಿದ್ದರೆ, ಏಕೆಂದು ನಾನು ಕೇಳುವುದಿಲ್ಲ. ಆದರೆ ಅದಕ್ಕೆ ಮೊದಲು ಅವಳಿಗೆ ಫೋನ್ ಮಾಡಿ.

ಅವಳು ಏನೂ ಹೇಳಲಿಲ್ಲ ಎಂದೆನಲ್ಲ ಬಾಯಿ. ಹೇಳಿದ್ದಳು. ಹೊಟ್ಟು ಕೈಯಲ್ಲಿ ಹಿಡಿದು, ಆ ಗಾಳಿಯಲ್ಲಿ ಗಂಟಲು ಹರಿದುಕೊಂಡು, ನಮ್ಮೂರ ಮಾತಿನಲ್ಲಿ ಕೇಳಿದ್ದಳು. ಏನೂ ಹೇಳದವನು ನಾನು.